ಮನೆ ಕಟ್ಟಲು ಪ್ರೀಕಾಸ್ಟ್ ಸರಿಯೋ, ಸ್ಥಳದಲ್ಲೇ ಹಾಕುವ ಕಾಂಕ್ರೀಟ್ ಸರಿಯೋ?

ತುಮಕೂರು_ನಿವೇಶನ
ಎಲ್ಲರಿಗೂ ನಮಸ್ಕಾರ. ತುಮಕೂರಿನ ಹೊರವಲಯದಲ್ಲಿರುವ ನಮ್ಮ 30×40 ಅಡಿ ನಿವೇಶನದಲ್ಲಿ ನೆಲಮಹಡಿ ಮತ್ತು ಮೊದಲ ಮಹಡಿಯ ಮನೆ ಕಟ್ಟಿಸಬೇಕೆಂದಿದ್ದೇವೆ. ಪರಿಚಯದ ಮೇಸ್ತ್ರಿಯವರು ಹಲಗೆ-ಜಾಕಿಗಳ ಸೆಂಟ್ರಿಂಗ್ ಹೊಡೆದು, ಕಂಬಿ ಕಟ್ಟಿ, ಸ್ಥಳದಲ್ಲೇ ಕಾಂಕ್ರೀಟ್ ಹಾಕುವ ಕ್ರಮದಲ್ಲೇ ಮಾಡೋಣ, ಪಾಯದಿಂದ ಗೃಹಪ್ರವೇಶದವರೆಗೆ ಒಂದು ವರ್ಷ ಬೇಕು ಎನ್ನುತ್ತಾರೆ. ಪ್ರೀಕಾಸ್ಟ್ ಪದ್ಧತಿಯ ಒಂದು ಕಂಪನಿಯವರು ಗೋಡೆ, ಸ್ಲ್ಯಾಬ್, ಮೆಟ್ಟಿಲು ಎಲ್ಲವನ್ನೂ ಕಾರ್ಖಾನೆಯಲ್ಲಿ ತಯಾರಿಸಿ ತಂದು, ಕ್ರೇನಿನಿಂದ ಜೋಡಿಸಿ, ನಾಲ್ಕು ತಿಂಗಳಲ್ಲಿ ಬೀಗದ ಕೈ ಕೊಡುತ್ತೇವೆ ಎಂದಿದ್ದಾರೆ. ಇಬ್ಬರೂ ಹೇಳಿದ ಮೊತ್ತದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಒಂದೇ ಸಲಕ್ಕೆ ಹಾಕಿದ ಸ್ಲ್ಯಾಬಿನ ಗಟ್ಟಿತನ ತುಂಡುಗಳನ್ನು ಸೇರಿಸಿದ ಮನೆಗೆ ಬರುವುದಿಲ್ಲ ಎಂಬುದು ನಮ್ಮ ತಂದೆಯವರ ಅಭಿಪ್ರಾಯ. ಸೋರಿಕೆ, ಬಾಳಿಕೆ, ಮುಂದೆ ಇನ್ನೊಂದು ಮಹಡಿ ಏರಿಸುವ ಅನುಕೂಲ, ಈ ಮೂರು ವಿಷಯಗಳಲ್ಲಿ ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಮೈಸೂರು_ತೋಟ
ನಮ್ಮ ತೋಟದ ಸುತ್ತ ಪ್ರೀಕಾಸ್ಟ್ ಕಾಂಪೌಂಡ್ ಹಾಕಿಸಿದ್ದೇವೆ. ಕೆಲಸ ಬೇಗ ಮುಗಿಯಿತು, ಖರ್ಚೂ ಕಡಿಮೆಯಾಯಿತು. ಆದರೆ ಗಾಳಿಮಳೆಗೆ ಎರಡು ಕಡೆ ಹಲಗೆಗಳು ಕಂಬದ ಸಂದಿನಿಂದ ಕಳಚಿ ಬಿದ್ದವು. ಮನೆಗೆ ಅದೇ ಪದ್ಧತಿಯನ್ನು ನಂಬುವುದು ಬೇಡವೆಂದೇ ಹೇಳುತ್ತೇನೆ.

ಸ್ಟ್ರಕ್ಚರಲ್_ದಾವಣಗೆರೆ
ತೋಟದವರೇ, ಕಾಂಪೌಂಡ್ ಹಲಗೆಯನ್ನೂ ಪ್ರೀಕಾಸ್ಟ್ ಕಟ್ಟಡವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕಾಂಪೌಂಡಿನಲ್ಲಿ ಹಲಗೆಗಳು ಕಂಬದ ಸಂದಿನಲ್ಲಿ ಸುಮ್ಮನೆ ಕುಳಿತಿರುತ್ತವೆ, ಅವುಗಳನ್ನು ಕಂಬಕ್ಕೆ ಕಟ್ಟುವ ಕಂಬಿಯೇ ಇರುವುದಿಲ್ಲ. ಕಟ್ಟಡದಲ್ಲಿ ಪ್ರತಿಯೊಂದು ಗೋಡೆಯಿಂದಲೂ ಕಂಬಿ ಹೊರಚಾಚಿರುತ್ತದೆ. ಅದು ಮೇಲಿನ ಗೋಡೆಯೊಳಗಿನ ಕೊಳವೆಗೆ ಹೊಕ್ಕು, ಆ ಕೊಳವೆಗೆ ಗ್ರೌಟ್, ಅಂದರೆ ತೆಳುವಾದ ಸಿಮೆಂಟ್ ಗಾರೆ, ತುಂಬಿದ ಮೇಲೆ ಎರಡೂ ಒಂದಾಗುತ್ತವೆ.

ಪ್ರೀಕಾಸ್ಟ್ ನಮಗೆ ಹೊಸದೂ ಅಲ್ಲ. ಬಾವಿಯ ಸಿಮೆಂಟ್ ರಿಂಗು, ಮೋರಿಯ ಹ್ಯೂಮ್ ಪೈಪು, ಚರಂಡಿಯ ಮೇಲಿನ ಚಪ್ಪಡಿ, ಬೀದಿಯ ವಿದ್ಯುತ್ ಕಂಬ ಇವೆಲ್ಲ ಬೇರೆಡೆ ಅಚ್ಚಿನಲ್ಲಿ ಹಾಕಿ ತಂದವೇ ಆಗಿವೆ. ದೆಹಲಿಯಲ್ಲಿ 1948ರಲ್ಲೇ ಸರ್ಕಾರಿ ವಸತಿ ಕಾರ್ಖಾನೆ ಆರಂಭವಾಯಿತು. ಹಿಂದೂಸ್ತಾನ್ ಪ್ರಿಫ್ಯಾಬ್ ಸಂಸ್ಥೆಯ ಮೂಲ ಅದೇ. ತುಂಡುಗಳ ಬಲದ ಬಗ್ಗೆ ನನಗೆ ಅನುಮಾನವಿಲ್ಲ, ಏಕೆಂದರೆ ಉಕ್ಕಿನ ಅಚ್ಚಿನಲ್ಲಿ ಅಳೆದು ಹಾಕಿ, ಕಂಪಿಸುವ ಮೇಜಿನ ಮೇಲೆ ಗಟ್ಟಿಗೊಳಿಸಿ, ಹಬೆಯಲ್ಲಿ ಕ್ಯೂರಿಂಗ್ ಮಾಡಿದ, ಅಂದರೆ ತೇವ ಆರದಂತೆ ಗಟ್ಟಿಯಾಗಲು ಬಿಟ್ಟ ಕಾಂಕ್ರೀಟ್ ನಮ್ಮ ಸಾಮಾನ್ಯ ಸೈಟಿನ ಕಾಂಕ್ರೀಟಿಗಿಂತ ಉತ್ತಮವಾಗಿಯೇ ಇರುತ್ತದೆ. ನೋಡಬೇಕಾದದ್ದು ಜೋಡಣೆಯನ್ನು.

ಗುಜರಾತ್_ನೆನಪು
ಜೋಡಣೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. 2001ರ ಜನವರಿ 26ರ ಭುಜ್ ಭೂಕಂಪಕ್ಕೆ ಸ್ವಲ್ಪ ಮೊದಲು ಕಛ್ ಭಾಗದಲ್ಲಿ ಪ್ರೀಕಾಸ್ಟ್ ಪದ್ಧತಿಯ ಒಂದಂತಸ್ತಿನ ಶಾಲೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಕಟ್ಟಲಾಗಿತ್ತು. ಭೂಕಂಪದಲ್ಲಿ ಅವುಗಳಲ್ಲಿ ಅನೇಕ ಶಾಲೆಗಳ ಚಾವಣಿ ಕುಸಿಯಿತು. ಹೊಸ ಕಟ್ಟಡಗಳೇ ಬಿದ್ದವು. ಇದಾದ ಮೇಲೂ ಜನರಿಗೆ ಧೈರ್ಯವಾಗಿ ಪ್ರೀಕಾಸ್ಟ್ ಮನೆ ಕಟ್ಟಿಸಿ ಎಂದು ಹೇಳುವುದು ಸರಿಯೇ?

ಸ್ಟ್ರಕ್ಚರಲ್_ದಾವಣಗೆರೆ
ನೀವು ಕೊಟ್ಟ ಉದಾಹರಣೆ ನಿಜ, ಅದನ್ನು ಯಾರೂ ಮರೆಯಬಾರದು. ಆ ಶಾಲೆಗಳಲ್ಲಿ ಚಾವಣಿಯ ಹಲಗೆಗಳನ್ನು ಪರಸ್ಪರ ಬಿಗಿದಿರಲಿಲ್ಲ, ಗೋಡೆಗೂ ಸರಿಯಾಗಿ ಕಟ್ಟಿರಲಿಲ್ಲ. ನೆಲ ಅಲುಗಿದಾಗ ಹಲಗೆಗಳು ಆಸರೆಯಿಂದ ಜಾರಿದವು. ಹಾಗೆಂದು ಅದೇ ಭೂಕಂಪದಲ್ಲಿ ಅಹಮದಾಬಾದಿನಲ್ಲಿ ಕುಸಿದ ಬಹುಮಹಡಿ ಕಟ್ಟಡಗಳು ಪ್ರೀಕಾಸ್ಟ್ ಆಗಿರಲಿಲ್ಲ. ಸ್ಥಳದಲ್ಲೇ ಹಾಕಿದ ಕಂಬಗಳ ಮೇಲೆ ನಿಂತು, ನೆಲಮಹಡಿಯನ್ನು ವಾಹನ ನಿಲುಗಡೆಗೆಂದು ಖಾಲಿ ಬಿಟ್ಟಿದ್ದ ಕಟ್ಟಡಗಳೇ ಅವುಗಳಲ್ಲಿ ಹೆಚ್ಚು.

ಇನ್ನೊಂದು ಪ್ರಕರಣ ಈ ಚರ್ಚೆಗೆ ಹೆಚ್ಚು ಹತ್ತಿರದ್ದು. 1988ರ ಡಿಸೆಂಬರ್ 7ರಂದು ಆರ್ಮೇನಿಯಾದಲ್ಲಿ ಭೂಕಂಪವಾದಾಗ ಲೆನಿನಾಕಾನ್ ನಗರದಲ್ಲಿ, ಅಂದರೆ ಇಂದಿನ ಗ್ಯುಮ್ರಿಯಲ್ಲಿ, ಪ್ರೀಕಾಸ್ಟ್ ಕಂಬ-ತೊಲೆಗಳ ಒಂಬತ್ತು ಅಂತಸ್ತಿನ ಕಟ್ಟಡಗಳು ಸಾಲು ಸಾಲಾಗಿ ಕುಸಿದವು. ಅದೇ ಊರಿನಲ್ಲಿ ದೊಡ್ಡ ಪ್ರೀಕಾಸ್ಟ್ ಗೋಡೆಗಳನ್ನು ಜೋಡಿಸಿ ಕಟ್ಟಿದ ಮನೆಗಳು ನಿಂತವು. ಎರಡೂ ಪ್ರೀಕಾಸ್ಟೇ ಆಗಿದ್ದವು. ಗೋಡೆಗಳು ಪೆಟ್ಟಿಗೆಯಂತೆ ನಾಲ್ಕೂ ಕಡೆಯಿಂದ ಒಂದನ್ನೊಂದು ಹಿಡಿದುಕೊಂಡಿದ್ದವು. ಕಂಬ-ತೊಲೆಗಳ ಕಟ್ಟಡದಲ್ಲಿ ಅವೆರಡೂ ಸೇರುವ ಕೂಡುಗಳ ಮೇಲೆಯೇ ಎಲ್ಲ ಭಾರ ಬಿದ್ದಿತ್ತು, ಆ ಕೂಡುಗಳ ಕೆಲಸ ಸರಿಯಿರಲಿಲ್ಲ. ಆದ್ದರಿಂದ ಕಂಪನಿಯವರು ತೋರಿಸುವುದು ಕಂಬ-ತೊಲೆಯ ಪದ್ಧತಿಯೋ, ಗೋಡೆಗಳ ಪದ್ಧತಿಯೋ ಎಂಬುದನ್ನು ಮೊದಲು ಕೇಳಿ.

ಲೋಕೋಪಯೋಗಿ_ನಿವೃತ್ತ
ದಾವಣಗೆರೆಯವರ ಮಾತನ್ನು ಒಪ್ಪುತ್ತೇನೆ. ಲಂಡನ್ನಿನ ರೋನನ್ ಪಾಯಿಂಟ್ ಪ್ರಕರಣವನ್ನೂ ಸೇರಿಸುತ್ತೇನೆ. 22 ಅಂತಸ್ತಿನ ಆ ಕಟ್ಟಡದಲ್ಲಿ 1968ರ ಮೇ 16ರಂದು ಬೆಳಿಗ್ಗೆ 18ನೆಯ ಅಂತಸ್ತಿನ ಒಂದು ಅಡುಗೆಮನೆಯಲ್ಲಿ ಗ್ಯಾಸ್ ಸ್ಫೋಟವಾಯಿತು. ಸ್ಫೋಟಕ್ಕೆ ಹೊರಗೋಡೆಯ ಹಲಗೆ ಕಿತ್ತುಹೋಯಿತು, ಅದನ್ನು ಆಧರಿಸಿದ್ದ ಮೇಲಿನ ಅಂತಸ್ತುಗಳು ಬಿದ್ದವು, ಆ ಭಾರಕ್ಕೆ ಕೆಳಗಿನವೂ ಕುಸಿದು ಕಟ್ಟಡದ ಒಂದು ಮೂಲೆಯೇ ಇಲ್ಲವಾಯಿತು. ನಾಲ್ವರು ಸತ್ತರು. 1986ರಲ್ಲಿ ಕಟ್ಟಡವನ್ನು ಒಂದೊಂದೇ ಹಲಗೆ ಬಿಚ್ಚಿ ಇಳಿಸಿದಾಗ ಗಾರೆ ತುಂಬಿರಬೇಕಾದ ಕೆಲವು ಕೂಡುಗಳೊಳಗೆ ಹಳೆಯ ವೃತ್ತಪತ್ರಿಕೆಯ ಕಾಗದ ಸಿಕ್ಕಿತು. ಹಲಗೆ ಜೋಡಿಸಿದವನು ಕೂಡಿಗೆ ಕಾಗದ ತುರುಕಿ ಮೇಲೆ ಬಳಿದುಬಿಟ್ಟರೆ ಹೊರಗಿನಿಂದ ನೋಡುವವರಿಗೆ ಅದು ತಿಳಿಯುವುದೇ ಇಲ್ಲ.

ಸ್ಥಳದಲ್ಲೇ ಹಾಕುವ ಕಾಂಕ್ರೀಟಿನಲ್ಲಿಯೂ ಹೊರಗೆ ಕಾಣದ ದೋಷಗಳಿವೆ, ಆದರೆ ಅವು ಕಣ್ಣೆದುರೇ ಆಗುತ್ತವೆ. ಸ್ಲ್ಯಾಬ್ ಹಾಕುವ ದಿನ ನಿಂತು ನೋಡಿ. ಟ್ರಾನ್ಸಿಟ್ ಮಿಕ್ಸರ್ ಲಾರಿ ಬಂದು ನಿಲ್ಲುತ್ತದೆ, ಬಿಸಿಲಿಗೆ ಕಾಂಕ್ರೀಟ್ ಬಿಗಿಯಾಗಿರುತ್ತದೆ, ಪಂಪಿನವನು ಓಡುವುದಿಲ್ಲ ಎನ್ನುತ್ತಾನೆ, ಯಾರೋ ಒಬ್ಬರು ಪೈಪು ತಂದು ಡ್ರಮ್ಮಿಗೆ ನೀರು ಬಿಡುತ್ತಾರೆ. ಆ ನೀರಿನ ಜೊತೆಗೇ ಕಾಂಕ್ರೀಟಿನ ಬಲವೂ ಹೋಗುತ್ತದೆ. ಕಂಬಿಯನ್ನು ಕೆಳಗಿನಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಕೆಲಸದವರ ಕಾಲಿಗೆ ಸಿಕ್ಕಿ ಜಾರಿರುತ್ತದೆ, ಕಂಬಿ ಹೋಗಿ ಸೆಂಟ್ರಿಂಗ್ ಹಲಗೆಗೆ ತಾಗಿರುತ್ತದೆ. ಕೆಲವು ವರ್ಷಗಳ ನಂತರ ಅಲ್ಲಿಯೇ ತುಕ್ಕು ಹಿಡಿದು ಚಾವಣಿಯ ಗಾರೆ ಉದುರುತ್ತದೆ.

ಸೆಂಟ್ರಿಂಗ್_ಮನೆತನ
ನಮ್ಮ ತಂದೆ ಸೆಂಟ್ರಿಂಗ್ ಮೇಸ್ತ್ರಿ, ನಾನು ಸಿವಿಲ್ ಡಿಪ್ಲೊಮಾ ಓದಿದವಳು. ಸ್ಥಳದಲ್ಲಿ ಹಾಕುವ ಕಾಂಕ್ರೀಟೆಂದರೆ ಕಳಪೆಯೆಂಬ ಧಾಟಿಯ ಮಾತಿಗೆ ನನ್ನ ತೀವ್ರ ಆಕ್ಷೇಪವಿದೆ. ನೀರು ಸೇರಿಸಲು ಹೇಳುವವರು ಹೆಚ್ಚಿನ ಸಲ ಮೇಸ್ತ್ರಿಗಳಲ್ಲ, ಬೇಗ ಮುಗಿಸಿ ಎನ್ನುವ ಮಾಲೀಕರು ಮತ್ತು ಗುತ್ತಿಗೆದಾರರು. ಕಾಂಕ್ರೀಟ್ ಕೆಲಸದ ನಿಯಮಗಳಿರುವ ಭಾರತೀಯ ಮಾನಕ 456ರ ಪ್ರಕಾರ 4.5 ಮೀಟರಿನವರೆಗಿನ ಸ್ಲ್ಯಾಬಿನ ಜಾಕಿಗಳನ್ನು ಕನಿಷ್ಠ 7 ದಿನ, ಅದಕ್ಕಿಂತ ಅಗಲವಾದರೆ 14 ದಿನ ತೆಗೆಯುವಂತಿಲ್ಲ. 6 ಮೀಟರಿಗಿಂತ ಉದ್ದದ ತೊಲೆಗೆ 21 ದಿನ ಬೇಕು. ಬಾಡಿಗೆ ಏರುತ್ತದೆಂದು ಜಾಕಿಗಳನ್ನು ಬೇಗ ಬಿಚ್ಚಿಸುವವರು ಯಾರು? ಕ್ಯೂರಿಂಗ್ ಕೂಡ ಹಾಗೆಯೇ: ಸಾಮಾನ್ಯ ಸಿಮೆಂಟಿಗೆ 7 ದಿನ, ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಪಿಪಿಸಿ ಎಂಬ ಮಿಶ್ರ ಸಿಮೆಂಟಿಗೆ 10 ದಿನವಾದರೂ ನೀರು ಹಾಕಿ ತೇವವಾಗಿಡಬೇಕೆಂಬ ನಿಯಮವಿದೆ, ಆದರೆ ಟ್ಯಾಂಕರಿನ ಹಣ ಕೇಳಿದಾಗ ಮಾಲೀಕರ ಮುಖ ಬಾಡುತ್ತದೆ.

ಇನ್ನೊಂದು ಮಾತು. ರಾಯಚೂರು, ಕಲಬುರಗಿ, ಯಾದಗಿರಿಗಳಿಂದ ಬೆಂಗಳೂರಿಗೆ ಬಂದು ಗಾರೆ, ಕಂಬಿ, ಸೆಂಟ್ರಿಂಗ್ ಕೆಲಸದಲ್ಲಿ ಬದುಕು ಕಟ್ಟಿಕೊಂಡ ಕುಟುಂಬಗಳಿವೆ. ಎಲ್ಲವೂ ಕಾರ್ಖಾನೆಗೆ ಹೋದರೆ ಈ ಜನರ ಗತಿ ಏನೆಂಬುದೂ ಈ ಚರ್ಚೆಯ ಭಾಗವಾಗಬೇಕು.

ಲೋಕೋಪಯೋಗಿ_ನಿವೃತ್ತ
ತಾಯಿ, ನಿಮ್ಮ ಆಕ್ಷೇಪ ನ್ಯಾಯವಾದದ್ದು. ನೀರು ಬಿಡಿಸುವವರು ಯಾರೆಂದು ನಾನು ಬರೆಯಲಿಲ್ಲ, ನೀವು ಬರೆದದ್ದು ಒಳ್ಳೆಯದಾಯಿತು.

ಕಾರ್ಖಾನೆ_ಪಾಳಿ
ನಾನು ಪ್ರೀಕಾಸ್ಟ್ ಯಾರ್ಡಿನಲ್ಲಿ ಕೆಲಸ ಮಾಡುವವನು. ನಮ್ಮಲ್ಲಿಯೂ ಕಂಬಿ ಕಟ್ಟುವವರು, ಅಚ್ಚು ಕೂಡಿಸುವವರು, ಅಂಚು ತಿದ್ದುವವರು ಬೇಕು. ಸಂಖ್ಯೆ ಕಡಿಮೆ ಎಂಬುದು ನಿಜ. ಆದರೆ ನೆರಳಿನಲ್ಲಿ, ಸೊಂಟದ ಎತ್ತರದಲ್ಲಿ ಕೆಲಸ. ಮೂರನೆಯ ಮಹಡಿಯ ಸರ್ವೆ ಮರದ ಸಾರುವೆಯ ಮೇಲೆ ನಿಂತು ಮಾಡುವ ಕೆಲಸವಲ್ಲ. ಮಳೆ ಬಂದರೆ ಕೂಲಿ ತಪ್ಪುವುದಿಲ್ಲ.

ನಗರ_ಯೋಜನೆ
ಇಲ್ಲಿ ಎರಡು ಬೇರೆ ವಿಷಯಗಳು ಕಲಸಿಹೋಗಿವೆ ಎನ್ನಿಸುತ್ತದೆ. ಸ್ಥಳದಲ್ಲಿ ಹಾಕುವುದೆಂದರೆ ಮರದ ಹಲಗೆ ಮತ್ತು ಜಾಕಿ ಮಾತ್ರವೇ ಅಲ್ಲ. ಕೇಂದ್ರ ಸರ್ಕಾರವು 2021ರ ಜನವರಿ 1ರಂದು ಆರು ನಗರಗಳಲ್ಲಿ ಲೈಟ್ ಹೌಸ್ ಎಂಬ ಮಾದರಿ ವಸತಿ ಯೋಜನೆಗಳಿಗೆ ಅಡಿಗಲ್ಲು ಹಾಕಿ, ಒಂದೊಂದು ಕಡೆ ಒಂದೊಂದು ತಂತ್ರಜ್ಞಾನವನ್ನು ಪ್ರಯೋಗಿಸಿತು. ಚೆನ್ನೈಯಲ್ಲಿ 1,152 ಮನೆಗಳಿಗೆ ಪ್ರೀಕಾಸ್ಟ್ ಬಿಡಿಭಾಗಗಳನ್ನು ಬಳಸಲಾಯಿತು. ರಾಜಕೋಟದಲ್ಲಿ 1,144 ಮನೆಗಳನ್ನು ಸುರಂಗದಾಕಾರದ ಉಕ್ಕಿನ ಅಚ್ಚುಗಳನ್ನಿಟ್ಟು, ಗೋಡೆ ಮತ್ತು ಸ್ಲ್ಯಾಬನ್ನು ಒಂದೇ ಬಾರಿಗೆ ಸ್ಥಳದಲ್ಲೇ ಹಾಕಿ ಕಟ್ಟಲಾಯಿತು. ರಾಂಚಿಯಲ್ಲಿ ಇಡೀ ಕೋಣೆಗಳನ್ನೇ ಅಚ್ಚು ಹಾಕಿ ತಂದು ಒಂದರ ಮೇಲೊಂದು ಕೂರಿಸುವ ವಿಧಾನವಿತ್ತು. ರಾಜಕೋಟದ ಕ್ರಮದಲ್ಲಿ ಜೋಡಣೆಯ ಭಯವೂ ಇಲ್ಲ, ಹಳೆಯ ಸೆಂಟ್ರಿಂಗಿನ ವಿಳಂಬವೂ ಇಲ್ಲ.

ಆದರೆ ಇವೆಲ್ಲ ಸಾವಿರ ಮನೆಗಳ ಲೆಕ್ಕ. ಒಂದೇ ಅಚ್ಚನ್ನು ನೂರಾರು ಬಾರಿ ಬಳಸಿದಾಗ ಅದರ ಬೆಲೆ ಹಂಚಿಹೋಗುತ್ತದೆ. ಒಂದು ಮನೆಗೆಂದು ಹೊಸ ಅಚ್ಚು ಮಾಡಿಸಿದರೆ ಆ ಖರ್ಚೆಲ್ಲ ಒಬ್ಬರ ತಲೆಯ ಮೇಲೆಯೇ ಬೀಳುತ್ತದೆ. ಹೀಗಿರುವಾಗ ಬೆಲೆಯಲ್ಲಿ ವ್ಯತ್ಯಾಸವಿಲ್ಲವೆಂದು ಕಂಪನಿ ಹೇಳಿದ್ದರೆ, ಅವರು ನಿಮ್ಮ ನಕ್ಷೆಯನ್ನು ತಮ್ಮ ಅಚ್ಚಿನ ಅಳತೆಗೆ ಹೊಂದಿಸುತ್ತಾರೆ ಎಂದೇ ತಿಳಿಯಿರಿ. ಕೋಣೆಯ ಅಳತೆ, ಕಿಟಕಿಯ ಜಾಗ, ಆಯ ಎಲ್ಲವನ್ನೂ ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಿ.

ಬೆಂಗಳೂರು_ಪೂರ್ವ
ಸಾಗಣೆಯ ಬಗ್ಗೆ ಯಾರೂ ಬರೆದಿಲ್ಲ. 2025ರ ಏಪ್ರಿಲ್‌ನಲ್ಲಿ ಕೋಗಿಲು ಕ್ರಾಸ್ ಬಳಿ ಮೆಟ್ರೊ ಮಾರ್ಗಕ್ಕೆಂದು ಲಾರಿಯಲ್ಲಿ ಸಾಗಿಸುತ್ತಿದ್ದ ಕಾಂಕ್ರೀಟ್ ಭಾಗ ಆಟೊ ಮೇಲೆ ಬಿದ್ದು ಚಾಲಕರು ಪ್ರಾಣ ಕಳೆದುಕೊಂಡರು. ಅಷ್ಟು ಭಾರದ ವಸ್ತುಗಳನ್ನು ಜನರ ನಡುವೆ ಸಾಗಿಸುವುದೇ ಅಪಾಯ.

ಮೆಟ್ರೊ_ಪ್ರಯಾಣಿಕ
ಪೂರ್ವದವರೇ, 2023ರ ಜನವರಿ 10ರಂದು ನಾಗವಾರದ ಬಳಿ ಮೆಟ್ರೊ ಕಂಬಕ್ಕೆಂದು ನಿಲ್ಲಿಸಿದ್ದ ಕಂಬಿಗಳ ಹಂದರ ಬೈಕಿನ ಮೇಲೆ ಉರುಳಿ ತಾಯಿ ಮತ್ತು ಮಗು ಸತ್ತದ್ದನ್ನೂ ನೆನೆಯಬೇಕು. ಅದು ಸ್ಥಳದಲ್ಲೇ ಕಾಂಕ್ರೀಟ್ ಹಾಕಲು ಮಾಡಿಕೊಂಡಿದ್ದ ಸಿದ್ಧತೆ. ರಸ್ತೆಯ ಪಕ್ಕ ಎತ್ತರದ ಹಂದರವನ್ನು ಭದ್ರವಾಗಿ ಕಟ್ಟಿ ನಿಲ್ಲಿಸುವುದು, ಲಾರಿಯ ಮೇಲಿನ ಹೊರೆಯನ್ನು ಸರಪಳಿಯಿಂದ ಬಿಗಿಯುವುದು ಎರಡೂ ಅತ್ಯಂತ ಸಾಮಾನ್ಯ ಎಚ್ಚರಿಕೆಗಳು. ಅವು ತಪ್ಪಿದಾಗ ಪದ್ಧತಿಯನ್ನು ದೂರಿದರೆ ಹೊಣೆಗಾರರು ತಪ್ಪಿಸಿಕೊಳ್ಳುತ್ತಾರೆ.

ಬೆಂಗಳೂರು_ಪೂರ್ವ
ಒಪ್ಪುತ್ತೇನೆ. ಆದರೂ ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯನ್ನು ಏನೆನ್ನುತ್ತೀರಿ? ತುಂಡುಗಳನ್ನು ಪೋಣಿಸಿ ಕಟ್ಟಿದ ಆ ಸೇತುವೆಯನ್ನು 2021ರ ಡಿಸೆಂಬರ್‌ನಲ್ಲಿ ಮುಚ್ಚಬೇಕಾಯಿತು. 2022ರ ಫೆಬ್ರವರಿಯಲ್ಲಿ ಲಘು ವಾಹನಗಳನ್ನು ಬಿಟ್ಟರು, ಭಾರಿ ವಾಹನಗಳು ಹತ್ತಲು 2024ರ ಜುಲೈವರೆಗೆ ಕಾಯಬೇಕಾಯಿತು. ತುಮಕೂರಿನವರಿಗೆ ಈ ಕಷ್ಟ ನಾನು ಹೇಳಬೇಕಾಗಿಯೇ ಇಲ್ಲ.

ಸ್ಟ್ರಕ್ಚರಲ್_ದಾವಣಗೆರೆ
ಅಲ್ಲಿ ಕೆಟ್ಟದ್ದು ಕಾಂಕ್ರೀಟಿನ ತುಂಡುಗಳಲ್ಲ. 102 ಮತ್ತು 103ನೆಯ ಕಂಬಗಳ ನಡುವೆ ತುಂಡುಗಳನ್ನು ಬಿಗಿದಿದ್ದ ಉಕ್ಕಿನ ಕೇಬಲ್‌ಗಳಿಗೆ ತುಕ್ಕು ಹಿಡಿದಿತ್ತು. ಇಂಥ ಬಿಗಿತದ ಕೇಬಲ್‌ಗಳನ್ನು ಸ್ಥಳದಲ್ಲಿ ಹಾಕುವ ಸೇತುವೆಗಳಲ್ಲಿಯೂ ಬಳಸುತ್ತಾರೆ, ಅಲ್ಲಿಯೂ ಅದೇ ಅಪಾಯವಿದೆ. ಎರಡಂತಸ್ತಿನ ಮನೆಯ ಗೋಡೆಗಳಲ್ಲಿ ಈ ಕೇಬಲ್ ಇರುವುದಿಲ್ಲ, ಆದ್ದರಿಂದ ಈ ಹೋಲಿಕೆ ಕೇಳಿದವರ ಪ್ರಶ್ನೆಗೆ ನೆರವಾಗುವುದಿಲ್ಲ.

ಸಿಂಗಪುರ_ಕನ್ನಡತಿ
ಸೋರಿಕೆಯ ಬಗ್ಗೆ ನಮ್ಮ ಅನುಭವ ಹೇಳುತ್ತೇನೆ. ಇಲ್ಲಿ ಸರ್ಕಾರದ ವಸತಿ ಮಂಡಳಿ ಎಚ್‌ಡಿಬಿಯ ವಸತಿಗಳಲ್ಲಿ 1980ರ ದಶಕದಿಂದಲೂ ಪ್ರೀಕಾಸ್ಟ್ ಬಳಕೆಯಲ್ಲಿದೆ. ಇತ್ತೀಚಿನ ಕಟ್ಟಡಗಳಲ್ಲಿ ಟೈಲ್ಸ್, ಕೊಳಾಯಿ ಸಮೇತ ಇಡೀ ಬಚ್ಚಲನ್ನೇ ಕಾರ್ಖಾನೆಯಲ್ಲಿ ಸಿದ್ಧಪಡಿಸಿ ತಂದು ಕೂರಿಸುತ್ತಾರೆ. ವರ್ಷವಿಡೀ ಮಳೆ ಬೀಳುವ ಊರಿದು. ಗೋಡೆಯ ಮೈಯಿಂದ ನೀರು ಬಂದದ್ದನ್ನು ನಾನು ಕಂಡಿಲ್ಲ, ಆದರೆ ನಾವಿದ್ದ ಹಳೆಯ ಮನೆಯ ಹೊರಗೋಡೆಯ ಎರಡು ಹಲಗೆಗಳ ನಡುವಿನ ಸಂದು ಮುಚ್ಚುವ ಸೀಲೆಂಟ್ ಬಿಸಿಲಿಗೆ ಒಣಗಿ ಬಿರುಕು ಬಿಟ್ಟು, ಮಲಗುವ ಕೋಣೆಯ ಮೂಲೆಯಲ್ಲಿ ತೇವ ಕಾಣಿಸಿಕೊಂಡಿತ್ತು. ಹಗ್ಗ ಕಟ್ಟಿಕೊಂಡು ಇಳಿದು ಬಂದ ಕೆಲಸಗಾರರು ಹಳೆಯ ಸೀಲೆಂಟನ್ನು ಕೆರೆದು ಹೊಸದನ್ನು ತುಂಬಿದ ಮೇಲೆ ನಿಂತಿತು. ಈ ಸೀಲೆಂಟಿಗೆ ಕಾಂಕ್ರೀಟಿನಷ್ಟು ಆಯುಸ್ಸಿಲ್ಲ. ನಿಮ್ಮ ಮನೆಯಲ್ಲಿ ಅದನ್ನು ಬದಲಿಸುವವರು ಯಾರು, ಕಂಪನಿ ಆಗಲೂ ಇರುತ್ತದೆಯೇ ಎಂದು ಯೋಚಿಸಿ.

ಉಡುಪಿ_ಕಾಂಟ್ರಾಕ್ಟ್
ನಮ್ಮ ಕರಾವಳಿಯಲ್ಲಿ ಪ್ರೀಕಾಸ್ಟಿನ ಪರವಾಗಿ ಗಟ್ಟಿ ಕಾರಣವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಲ್ಯಾಬ್ ಹಾಕುವ ದಿನ ಗೊತ್ತುಮಾಡುವುದೇ ಕಷ್ಟ. ಉಪ್ಪುಗಾಳಿಗೆ ಕಂಬಿ ಬೇಗ ತುಕ್ಕು ಹಿಡಿಯುವುದರಿಂದ ಮಾನಕದ ಪ್ರಕಾರ ಇಂಥ ತೀವ್ರ ವಾತಾವರಣದಲ್ಲಿ ಕನಿಷ್ಠ ಎಂ30 ದರ್ಜೆಯ ಬಲದ ಕಾಂಕ್ರೀಟ್, ಕಂಬಿಯ ಮೇಲೆ 45 ಮಿಲಿಮೀಟರ್ ಹೊದಿಕೆ ಬೇಕು. ಆ 45 ಮಿಲಿಮೀಟರನ್ನು ಎಲ್ಲ ಕಡೆಯೂ ಕಾಯ್ದುಕೊಳ್ಳುವುದು ಕಾರ್ಖಾನೆಯ ಅಚ್ಚಿನಲ್ಲಿ ಸುಲಭ, ಮಳೆಯಲ್ಲಿ ನೆನೆದ ಸೆಂಟ್ರಿಂಗಿನ ಮೇಲೆ ಕಷ್ಟ. ಆದರೆ ನಮ್ಮ ಓಣಿಗಳಿಗೆ ಕ್ರೇನ್ ಬರುವುದಿಲ್ಲ, ಎಲ್ಲ ತರ್ಕವೂ ಅಲ್ಲಿಗೆ ನಿಲ್ಲುತ್ತದೆ.

ತುಮಕೂರು_ನಿವೇಶನ
ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಧನ್ಯವಾದ. ನಮ್ಮ ಬೀದಿ 20 ಅಡಿಯದು, ಮೇಲೆ ವಿದ್ಯುತ್ ತಂತಿಗಳಿವೆ. ಅಲ್ಲಿ ಕ್ರೇನ್ ಕೆಲಸ ಮಾಡಬಹುದೇ? ಮೂರನೆಯ ಪ್ರಶ್ನೆ, ಮುಂದೆ ಮಹಡಿ ಏರಿಸುವ ವಿಷಯಕ್ಕೂ ಉತ್ತರ ಬೇಕಾಗಿದೆ.

ಸ್ಟ್ರಕ್ಚರಲ್_ದಾವಣಗೆರೆ
ಲೆಕ್ಕ ಹಾಕಿ ನೋಡೋಣ. 3 ಮೀಟರ್ ಉದ್ದ, 3 ಮೀಟರ್ ಎತ್ತರ, 150 ಮಿಲಿಮೀಟರ್ ದಪ್ಪದ ಒಂದು ಗೋಡೆಯ ಹಲಗೆಯಲ್ಲಿ 1.35 ಘನ ಮೀಟರ್ ಕಾಂಕ್ರೀಟ್ ಇರುತ್ತದೆ. ಘನ ಮೀಟರಿಗೆ ಎರಡೂವರೆ ಟನ್ನಿನಂತೆ ಅದರ ತೂಕ ಸುಮಾರು 3.4 ಟನ್. ಕ್ರೇನ್ ಅದನ್ನು ನಿಮ್ಮ ನಿವೇಶನದ ಹಿಂಬದಿಗೂ ಚಾಚಿ ಇಳಿಸಬೇಕು. ಕೈ ಚಾಚಿದಷ್ಟೂ ಅದು ಎತ್ತಬಲ್ಲ ತೂಕ ಕಡಿಮೆಯಾಗುತ್ತದೆ, ಆದ್ದರಿಂದ ದೊಡ್ಡ ಕ್ರೇನೇ ಬೇಕು. ಅದರ ಕಾಲುಗಳನ್ನು ಊರಲು 20 ಅಡಿಯ ಬೀದಿ ಪೂರ್ತಿ ಬೇಕಾಗುತ್ತದೆ. ತಂತಿಗಳಿರುವಲ್ಲಿ ವಿದ್ಯುತ್ ಸರಬರಾಜು ನಿಲ್ಲಿಸಲು ಮೊದಲೇ ಅನುಮತಿ ಪಡೆಯದೆ ಕೆಲಸ ಆರಂಭಿಸಲು ಬಿಡಬೇಡಿ. ಇದನ್ನು ಕಂಪನಿಯವರು ಬಂದು ಅಳೆದು ಬರೆದು ಕೊಡಲಿ.

ಮಹಡಿ ಏರಿಸುವ ವಿಷಯ. ಸ್ಥಳದಲ್ಲಿ ಹಾಕುವ ಮನೆಗಳಲ್ಲಿ ಮುಂದೆ ಕಟ್ಟೋಣವೆಂದು ಕಂಬದ ಕಂಬಿಗಳನ್ನು ತಾರಸಿಯ ಮೇಲೆ ಬಿಡುವ ರೂಢಿ ನಮ್ಮ ಊರೂರಿನಲ್ಲೂ ಇದೆ. ಪ್ರೀಕಾಸ್ಟ್ ಗೋಡೆಯ ಮನೆಯಲ್ಲಿ ಹೀಗೆ ಯೋಚನೆಯನ್ನು ಮುಂದೂಡಲಾಗದು. ಮೂರನೆಯ ಅಂತಸ್ತಿನ ಭಾರವನ್ನು ಈಗಲೇ ಲೆಕ್ಕಕ್ಕೆ ಹಿಡಿದು, ಮೇಲಿನ ಗೋಡೆಗೆ ಬೇಕಾದ ಕಂಬಿಗಳನ್ನು ಎಲ್ಲಿ, ಹೇಗೆ ಬಿಡಬೇಕೆಂದು ಈಗಲೇ ನಿರ್ಧರಿಸಬೇಕು. ಹತ್ತು ವರ್ಷದ ನಂತರ ಅದೇ ಅಳತೆಯ ಹಲಗೆ ಸಿಗದಿರಬಹುದು. ಗೋಡೆಯಲ್ಲಿ ಹೊಸ ಬಾಗಿಲು ಕೊರೆಯುವುದೂ ಹಾಗೆಯೇ, ಇಂಜಿನಿಯರಿಗೆ ತೋರಿಸದೆ ಮಾಡಿದರೆ ಮನೆಯ ಆಸರೆಯನ್ನೇ ಕೊರೆದಂತಾಗುತ್ತದೆ. ವಿದ್ಯುತ್ ಪೈಪುಗಳ ಜಾಗವೂ ಅಚ್ಚು ಹಾಕುವ ಮೊದಲೇ ತೀರ್ಮಾನವಾಗಬೇಕು.

ನನ್ನ ನೇರ ಅಭಿಪ್ರಾಯ ಇದು: 20 ಅಡಿಯ ಬೀದಿ, ಒಂದೇ ಮನೆ, ಮುಂದೆ ಏರಿಸುವ ಆಸೆ ಈ ಮೂರೂ ಇರುವಾಗ ಕಂಬ, ತೊಲೆಗಳನ್ನು ಸ್ಥಳದಲ್ಲೇ ಹಾಕಿಸಿ. ನೀವೇ ಹತ್ತು ಮನೆಗಳ ಬಡಾವಣೆ ಕಟ್ಟುತ್ತಿದ್ದರೆ ಬೇರೆ ಉತ್ತರ ಕೊಡುತ್ತಿದ್ದೆ.

ನಗರ_ಯೋಜನೆ
ನಡುವಿನ ದಾರಿಯೂ ಇದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಹಿಂದೆಯೇ ರೂಪಿಸಿದ ಹಲಗೆ ಮತ್ತು ಜೋಯಿಸ್ಟ್ ಪದ್ಧತಿಯಲ್ಲಿ ಸಣ್ಣ ಕಾಂಕ್ರೀಟ್ ಹಲಗೆಗಳನ್ನು ಮೊದಲೇ ಹಾಕಿಟ್ಟುಕೊಂಡು, ಅರ್ಧ ಎತ್ತರದವರೆಗೆ ಮಾತ್ರ ಹಾಕಿದ ಕಿರುತೊಲೆಗಳ (ಜೋಯಿಸ್ಟ್) ಮೇಲೆ ಜೋಡಿಸಿ, ಮೇಲೆ ಕಂಬಿಯಿಟ್ಟು ಸ್ಥಳದಲ್ಲೇ ಕಾಂಕ್ರೀಟ್ ತುಂಬುತ್ತಾರೆ. ಹಲಗೆಯನ್ನು ಇಬ್ಬರು ಎತ್ತಬಹುದು, ದೊಡ್ಡ ಕ್ರೇನ್ ಬೇಕಿಲ್ಲ. ಸ್ಲ್ಯಾಬಿನ ಅಡಿಗೆ ಪೂರ್ತಿ ಸೆಂಟ್ರಿಂಗ್ ಹಲಗೆಗಳೂ ಬೇಕಿಲ್ಲ.

ಸೆಂಟ್ರಿಂಗ್_ಮನೆತನ
ಈ ಪದ್ಧತಿಯನ್ನು ನಮ್ಮಂಥವರೂ ಮಾಡಬಹುದು, ಹಲಗೆಗಳನ್ನು ಸೈಟಿನ ಪಕ್ಕದಲ್ಲೇ ಹಾಕಿಕೊಳ್ಳಬಹುದು. ಆದರೆ ಕಿರುತೊಲೆಗಳ ಕೆಳಗೆ ಜಾಕಿ ಬೇಕೇ ಬೇಕಲ್ಲವೇ? ಅರ್ಧ ಎತ್ತರದ ತೊಲೆ ಹಸಿ ಕಾಂಕ್ರೀಟಿನ ಭಾರಕ್ಕೆ ಬಾಗುವುದಿಲ್ಲವೇ?

ನಗರ_ಯೋಜನೆ
ಖಂಡಿತ ಬೇಕು. ಮೇಲಿನ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕಿರುತೊಲೆಗಳಿಗೆ ಆಸರೆ ಇರಲೇಬೇಕು.

ಲೋಕೋಪಯೋಗಿ_ನಿವೃತ್ತ
ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಹಲಗೆಯ ಮೇಲ್ಮೈಯನ್ನು ನುಣುಪಾಗಿ ಬಿಡದೆ, ಹಾಕಿದ ದಿನವೇ ತಂತಿಯ ಬ್ರಷ್ಷಿನಿಂದ ಒರಟಾಗಿಸಿ. ಹೊಸ ಕಾಂಕ್ರೀಟ್ ಹಾಕುವ ಮೊದಲು ಧೂಳನ್ನು ತೊಳೆದು, ಹಲಗೆಗೆ ಚೆನ್ನಾಗಿ ನೀರು ಕುಡಿಸಿ, ಮೇಲೆ ನಿಂತ ನೀರನ್ನು ಬಟ್ಟೆಯಿಂದ ತೆಗೆದುಬಿಡಬೇಕು. ಒಣ ಹಲಗೆ ಹೊಸ ಕಾಂಕ್ರೀಟಿನ ನೀರನ್ನು ಹೀರಿ ಎರಡೂ ಪದರಗಳು ಬೇರೆಯಾಗಿಯೇ ಉಳಿಯುತ್ತವೆ, ನಿಂತ ನೀರು ಬಿಟ್ಟರೂ ಅದೇ ಗತಿ. ಆ ಬೆಳಿಗ್ಗೆ ಮನೆಯವರೊಬ್ಬರು ಅಲ್ಲಿಯೇ ಇದ್ದು ಇದನ್ನು ನೋಡಿಕೊಳ್ಳಲಿ.